ಕಷಾಯ ಹುಳುವಿಗೆ ಮುಟ್ಟುತ್ತದೆಯೇ? ಕಾಫಿ ಕೀಟಗಳ ಎದುರು ಸಸ್ಯಜನ್ಯ ಕೀಟನಾಶಕಗಳು

ಕಾಫಿ ಕಾಯಿಯನ್ನು ತಿರುಗಿಸಿ ಹಿಡಿದು ಅದರ ಹೊಕ್ಕುಳನ್ನು ನೋಡಿ. ಹೂವು ಉದುರಿದ ಕಡೆ ಉಳಿದ ಆ ಪುಟ್ಟ ವೃತ್ತದಲ್ಲಿ ಸೂಜಿಮೊನೆಯಿಂದ ಚುಚ್ಚಿದಂಥ ತೂತು ಕಂಡರೆ ಕಾಯಿಕೊರಕ ಒಳಗೆ ಸೇರಿದೆ ಎಂದು ತಿಳಿಯಬೇಕು. ಬೆರ್ರಿ ಬೋರರ್ ಎಂದು ಬೆಳೆಗಾರರೆಲ್ಲ ಕರೆಯುವ ಈ ದುಂಬಿಯ ಹೆಣ್ಣು ಎರಡು ಮಿಲಿಮೀಟರ್ ಉದ್ದವೂ ಇರುವುದಿಲ್ಲ. ಒಮ್ಮೆ ಬೀಜ ಕೊರೆದು ಒಳಹೊಕ್ಕಿತೆಂದರೆ ಅಲ್ಲೇ ಮೊಟ್ಟೆ, ಅಲ್ಲೇ ಮರಿ, ಒಡಹುಟ್ಟುಗಳ ನಡುವೆಯೇ ಕೂಡುವಿಕೆ. ಗಂಡಿಗೆ ಹಾರಲು ಬಾರದು. ಹುಟ್ಟಿದ ಕಾಯೊಳಗೇ ಸಾಯುತ್ತದೆ. ಗಂಡಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚಿರುವ ಹೆಣ್ಣುಗಳು ಗರ್ಭ ಕಟ್ಟಿಕೊಂಡೇ ಹೊರಬಂದು ಮತ್ತೊಂದು ಕಾಯಿ ಹುಡುಕುತ್ತವೆ. ಇಡೀ ಬದುಕಿನಲ್ಲಿ ಈ ಕೀಟ ಬಯಲಿಗೆ ಬೀಳುವುದು ಒಂದು ಕಾಯಿಯಿಂದ ಇನ್ನೊಂದಕ್ಕೆ ಹೋಗುವ ಆ ಅಲ್ಪ ಹೊತ್ತಿನಲ್ಲಿ ಮಾತ್ರ.

ಬೇವು, ಔಡಲ, ಲವಂಗ, ಬೆಳ್ಳುಳ್ಳಿಯ ಸಾರ ಕಾಫಿಯ ಕೀಟಗಳನ್ನು ಕೊಂದಿತೆಂಬ ಸುದ್ದಿ ಕೆಲವು ವರ್ಷಗಳಿಂದ ಮೇಲಿಂದ ಮೇಲೆ ಬರುತ್ತಿದೆ. ಪ್ರಯೋಗಾಲಯದ ಮಟ್ಟಿಗೆ ಅವುಗಳಲ್ಲಿ ಹೆಚ್ಚಿನವು ಸುಳ್ಳಲ್ಲ. ಆದರೆ ತೋಟದವರು ಕೇಳಬೇಕಾದ ಪ್ರಶ್ನೆ ಬೇರೆ. ಸಾರಕ್ಕೆ ಕೊಲ್ಲುವ ಶಕ್ತಿ ಇದೆಯೇ ಎಂಬುದು ಆಮೇಲಿನ ಮಾತು. ಹುಳು ಇರುವ ಜಾಗಕ್ಕೆ, ಅದು ಸಿಗುವ ಹೊತ್ತಿನಲ್ಲಿ, ಆ ಸಾರ ಮುಟ್ಟುತ್ತದೆಯೇ ಎಂಬುದು ಮೊದಲ ಮಾತು.

ಇಷ್ಟೊಂದು ಜನ ಗಿಡಮೂಲಿಕೆಗಳ ಕಡೆ ತಿರುಗಿರುವುದಕ್ಕೆ ಪರಿಸರಪ್ರೀತಿಯೊಂದೇ ಕಾರಣವಲ್ಲ. ಕೈಲಿದ್ದ ಔಷಧಿಗಳು ಒಂದೊಂದಾಗಿ ಜಾರಿಹೋಗಿವೆ. ಕಾಯಿಕೊರಕದ ಮೇಲೆ ದಶಕಗಳ ಕಾಲ ನಡೆದದ್ದು ಎಂಡೋಸಲ್ಫಾನ್. ಅದು ಆವಿಯಾಗಿ ತೂತಿನೊಳಕ್ಕೂ ಇಳಿಯುತ್ತಿತ್ತು. ಅದರ ಯಶಸ್ಸಿನ ಗುಟ್ಟಿನಲ್ಲಿ ಅದೂ ಒಂದು. ಆದರೆ ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದಲ್ಲಿ ಕೀಟ ಅದಕ್ಕೆ ಜಗ್ಗದಂತಾಗಿದೆ ಎಂಬ ವರದಿ 1989ರಲ್ಲೇ ಬಂತು. ಕಾಸರಗೋಡಿನ ಗೇರುತೋಟಗಳ ಸುತ್ತಲಿನ ಜನ ಅನುಭವಿಸಿದ ಸಂಕಟ ಅದರ ಇನ್ನೊಂದು ಮುಖ. ಬೇಗ ಕರಗದೆ ಉಳಿಯುವ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ 2011ರಲ್ಲಿ ಎಂಡೋಸಲ್ಫಾನ್ ಸೇರಿತು. ಅದೇ ವರ್ಷ ಭಾರತದ ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಅದರ ಜಾಗಕ್ಕೆ ಹಲವೆಡೆ ಬಂದ ಕ್ಲೋರ್‌ಪೈರಿಫಾಸ್‌ಗೆ ಐರೋಪ್ಯ ಒಕ್ಕೂಟ 2020ರಲ್ಲಿ ಬಾಗಿಲು ಮುಚ್ಚಿತು, 2025ರಲ್ಲಿ ಕೆಲವು ವಿನಾಯಿತಿಗಳೊಂದಿಗೆ ಅದೂ ಸ್ಟಾಕ್‌ಹೋಮ್ ಪಟ್ಟಿ ಸೇರಿತು. ಬ್ರೆಜಿಲ್‌ನಲ್ಲಿ ಎಲೆಯೊಳಗೆ ಸುರಂಗ ತೋಡುವ ರಂಗೋಲಿ ಹುಳು ಒಂದಾದ ಮೇಲೊಂದು ಔಷಧಿಗೆ ಪ್ರತಿರೋಧ ಬೆಳೆಸಿಕೊಂಡಿದೆ. ಕಾಯಿಕೊರಕವೊಂದರಿಂದಲೇ ಜಗತ್ತಿನ ಬೆಳೆಗಾರರಿಗೆ ವರ್ಷಕ್ಕೆ 50 ಕೋಟಿ ಡಾಲರ್ ನಷ್ಟ ಎಂಬ ಅಂದಾಜಿದೆ. ಖರೀದಿದಾರ ಬೀಜದಲ್ಲಿ ವಿಷದ ಉಳಿಕೆ ಹುಡುಕುತ್ತಾನೆ, ಹುಳು ಬೀಜವನ್ನೇ ತಿನ್ನುತ್ತದೆ. ನಡುವೆ ಸಿಕ್ಕಿಕೊಂಡವರು ಬೇವಿನತ್ತ ನೋಡಿದರೆ ಆಶ್ಚರ್ಯವೇನೂ ಇಲ್ಲ.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು. 'ರಾಸಾಯನಿಕ' ಒಂದು ಕಡೆ, 'ನೈಸರ್ಗಿಕ' ಇನ್ನೊಂದು ಕಡೆ ಎಂಬ ಗೆರೆ ನಾವು ಎಳೆದುಕೊಂಡದ್ದು; ಗಿಡಗಳಿಗೆ ಆ ಗೆರೆ ಗೊತ್ತಿಲ್ಲ. ಓಡಲಾರದ, ಒದೆಯಲಾರದ ಗಿಡ ತನ್ನನ್ನು ತಿನ್ನಲು ಬರುವವರ ಮೇಲೆ ಪ್ರಯೋಗಿಸುವುದೇ ರಸಾಯನವನ್ನು. ಸೇವಂತಿಗೆಯ ಬಳಗದ ಪೈರೆತ್ರಮ್ ಹೂವಿನಲ್ಲಿರುವ ಪೈರೆತ್ರಿನ್‌ಗಳನ್ನು ನೋಡಿ ವಿಜ್ಞಾನಿಗಳು ಪೈರೆತ್ರಾಯ್ಡ್ ಎಂಬ ಕೃತಕ ಕೀಟನಾಶಕಗಳನ್ನು ಕಟ್ಟಿದರು. ಆಫ್ರಿಕಾದ ಕ್ಯಾಲಬಾರ್ ಬೀಜದ ವಿಷ ಕಾರ್ಬಮೇಟ್ ಎಂಬ ಇನ್ನೊಂದು ಬಗೆಯ ಕೃತಕ ಕೀಟನಾಶಕಗಳಿಗೆ ದಾರಿ ತೋರಿಸಿತು. ತಂಬಾಕಿನ ನಿಕೋಟಿನ್ ಹೋಗಿ ಕೂರುವ ನರದ ಬೀಗಕ್ಕೇ ಇಂದಿನ ನಿಯೊನಿಕೊಟಿನಾಯ್ಡ್ ಕೀಟನಾಶಕಗಳೂ ಕೀಲಿಯಾಗುತ್ತವೆ. ಹಾಗಾಗಿ ಗಿಡದಿಂದ ಬಂದದ್ದು ಎಂಬುದಷ್ಟರಿಂದಲೇ ಒಂದು ವಸ್ತು ಮೆದುವೂ ಆಗುವುದಿಲ್ಲ, ದುರ್ಬಲವೂ ಆಗುವುದಿಲ್ಲ. ಅದರೊಳಗೆ ಏನಿದೆ, ಎಷ್ಟಿದೆ, ಹುಳುವಿನ ದೇಹದಲ್ಲಿ ಅದು ಏನು ಮಾಡುತ್ತದೆ ಎಂದೇ ನೋಡಬೇಕು.

ಬೇವು ಏನು ಮಾಡುತ್ತದೆ, ಏನು ಮಾಡುವುದಿಲ್ಲ

1959ರಲ್ಲಿ ಸುಡಾನ್‌ನಲ್ಲಿ ಮಿಡತೆಯ ದಂಡು ಇಳಿದು ಹಸಿರನ್ನೆಲ್ಲ ಬೋಳಿಸಿದಾಗ ಬೇವಿನ ಮರಗಳು ಮಾತ್ರ ಹಾಗೇ ನಿಂತಿದ್ದುದನ್ನು ಜರ್ಮನಿಯ ಕೀಟಶಾಸ್ತ್ರಜ್ಞ ಹೈನ್ರಿಖ್ ಷ್ಮುಟರರ್ ಗಮನಿಸಿದರು. ಕಾಳಿನ ಡಬ್ಬದಲ್ಲಿ ಬೇವಿನ ಸೊಪ್ಪು ಹಾಕಿಡುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಆಧುನಿಕ ಸಂಶೋಧನೆಯನ್ನು ಬೇವಿನ ಕಡೆ ತಿರುಗಿಸಿದ್ದರಲ್ಲಿ ಆ ದೃಶ್ಯದ ಪಾಲು ದೊಡ್ಡದು. ಬೀಜದಲ್ಲಿರುವ ಮುಖ್ಯ ವಸ್ತು ಅಜಾಡಿರಾಕ್ಟಿನ್ ಅನ್ನು 1968ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ಬೇರ್ಪಡಿಸಿದರು. ಅದರ ಅಣುರಚನೆ ಖಚಿತವಾಗಲು 1980ರ ದಶಕದ ನಡುಭಾಗ ದಾಟಬೇಕಾಯಿತು. ಪ್ರಯೋಗಾಲಯದಲ್ಲಿ ಅದನ್ನು ಮೊದಲಿಂದ ಕಟ್ಟಲು ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡಕ್ಕೆ 22 ವರ್ಷ ಹಿಡಿಯಿತು. ಅದು ಮುಗಿದದ್ದು 2007ರಲ್ಲಿ. ಅಷ್ಟು ಜಟಿಲವಾದ ಅಣುವನ್ನು ಕಾರ್ಖಾನೆಯಲ್ಲಿ ಅಗ್ಗವಾಗಿ ಮಾಡಲಾಗುವುದಿಲ್ಲ. ಇವತ್ತಿಗೂ ಮರದಿಂದಲೇ ಬರಬೇಕು.

ಈ ಅಣು ಹುಳುವನ್ನು ಎರಡು ರೀತಿಯಲ್ಲಿ ಕಾಡುತ್ತದೆ. ಮೊದಲನೆಯದಾಗಿ, ತಿನ್ನುವ ಆಸೆಯನ್ನೇ ಕುಂದಿಸುತ್ತದೆ. ಎರಡನೆಯದಾಗಿ, ಮರಿಹುಳು ಬೆಳೆಯುವಾಗ ಪೊರೆ ಕಳಚಲು ಬೇಕಾದ ಹಾರ್ಮೋನಿನ ಲಯ ಕೆಡಿಸುತ್ತದೆ. ಪೊರೆ ಅರ್ಧಕ್ಕೆ ನಿಂತು ಮರಿ ಸಾಯುತ್ತದೆ. ಇದಕ್ಕೆ ದಿನಗಳು ಹಿಡಿಯುತ್ತವೆ. ಸಂಜೆ ಸಿಂಪಡಿಸಿ ಬೆಳಿಗ್ಗೆ ನೋಡಿ, "ಒಂದೂ ಸತ್ತಿಲ್ಲ" ಎಂದು ಕೈಬಿಟ್ಟವರು ಬೇವಿನಿಂದ ಅದು ಮಾಡದ ಕೆಲಸವನ್ನು ನಿರೀಕ್ಷಿಸಿದ್ದರು.

ಈಗ ಇದನ್ನು ಕಾಯಿಕೊರಕದ ಬದುಕಿನ ಪಕ್ಕದಲ್ಲಿಟ್ಟು ನೋಡಿ. ಪೊರೆ ಕಳಚುವುದು ಮರಿಹುಳು. ಅದಿರುವುದು ಬೀಜದ ಒಳಗೆ, ಸಿಂಪಡಣೆ ಮುಟ್ಟದ ಜಾಗದಲ್ಲಿ. ಹೊರಗೆ ಸಿಗುವುದು ಪ್ರೌಢ ಹೆಣ್ಣು. ಅದರ ಪೊರೆ ಕಳಚುವ ಕಾಲ ಮುಗಿದಿರುತ್ತದೆ. ಬೇವಿನ ಅತಿ ಹರಿತವಾದ ಅಸ್ತ್ರಕ್ಕೆ ಇಲ್ಲಿ ಗುರಿಯೇ ಇಲ್ಲ! ಉಳಿಯುವುದು ಬೇವಿನ ಸೌಮ್ಯ ಗುಣಗಳು: ಕಾಯಿ ಕೊರೆಯಲು ಹಿಂಜರಿಯುವಂತೆ ಮಾಡುವುದು, ತಿನ್ನುವುದನ್ನು ತಗ್ಗಿಸುವುದು, ಎಣ್ಣೆಯಾಗಿ ಮೈಗೆ ಮೆತ್ತಿಕೊಂಡು ಉಸಿರುಗಂಡಿ ಮುಚ್ಚುವುದು. ಇವು ಸಣ್ಣ ಲಾಭಗಳಲ್ಲ. ಹಾಗೆಂದು ಎಂಡೋಸಲ್ಫಾನ್ ಬಿಟ್ಟುಹೋದ ಕುರ್ಚಿಯಲ್ಲಿ ಬೇವನ್ನು ಕೂರಿಸಲಾಗದು.

ಬಿಸಿಲು ಅಜಾಡಿರಾಕ್ಟಿನ್ ಅನ್ನು ಬೇಗ ಮುರಿಯುತ್ತದೆ. ಎಲೆಯ ಮೇಲೆ ಅದರ ಆಯುಷ್ಯ ಕೆಲವೇ ದಿನ. ಅದಕ್ಕೇ ಇಳಿಹೊತ್ತಿನಲ್ಲಿ ಸಿಂಪಡಿಸಿ ಎನ್ನುವುದು. ಇನ್ನೊಂದು ಸಂಗತಿಯನ್ನು ಕಾಫಿಯವರು ವಿಶೇಷವಾಗಿ ಗಮನಿಸಬೇಕು. ಕ್ಷಾರದಲ್ಲಿ ಈ ಅಣು ನಿಲ್ಲುವುದಿಲ್ಲ. ಎಲೆತುಕ್ಕು ರೋಗಕ್ಕೆ ಬಳಸುವ ಬೋರ್ಡೋ ದ್ರಾವಣದಲ್ಲಿ ಸುಣ್ಣವಿದೆ. ಕೂಲಿ ಉಳಿಯಲೆಂದು ಬೇವನ್ನೂ ಬೋರ್ಡೋವನ್ನೂ ಒಂದೇ ಡ್ರಮ್ಮಿಗೆ ಸುರಿದರೆ ಅಜಾಡಿರಾಕ್ಟಿನ್ ಗಿಡ ತಲುಪುವ ಮೊದಲೇ ಕೆಡತೊಡಗುತ್ತದೆ. ಆಮೇಲೆ ದೂರು ಬೇವಿನ ಮೇಲೆ.

ಮರದಿಂದ ಮರಕ್ಕೆ, ಊರಿಂದ ಊರಿಗೆ ಬೀಜದ ಸತ್ವವೂ ಬೇರೆ. ತಿರುಳಿನಲ್ಲಿ ಅಜಾಡಿರಾಕ್ಟಿನ್ ಪ್ರಮಾಣ ಸಾಮಾನ್ಯವಾಗಿ ಶೇ. 0.2ರಿಂದ 0.6ರ ನಡುವೆ ಏರಿಳಿಯುತ್ತದೆ. ಮನೆಯಲ್ಲಿ ಮಾಡಿಕೊಳ್ಳುವ ಶೇ. 5ರ ಕಷಾಯಕ್ಕೆ 100 ಲೀಟರ್ ನೀರಿಗೆ 5 ಕಿಲೋ ತಿರುಳಿನ ಪುಡಿ ಎಂಬ ಲೆಕ್ಕ ಒಂದೇ ಇದ್ದರೂ ಇಬ್ಬರ ಡ್ರಮ್ಮಿನಲ್ಲಿರುವ ಮದ್ದು ಒಂದೇ ಅಲ್ಲ. ತೇವದಲ್ಲಿ ಗುಡ್ಡೆ ಹಾಕಿದ ಬೀಜಕ್ಕೆ ಬೂಷ್ಟು ಹಿಡಿದರಂತೂ ಸತ್ವ ಹೋಗುವುದಷ್ಟೇ ಅಲ್ಲ, ಅಫ್ಲಾಟಾಕ್ಸಿನ್ ಎಂಬ ಬೇರೆಯದೇ ವಿಷ ಸೇರಿಕೊಳ್ಳಬಹುದು. ಭಾರತದಲ್ಲಿ ಬೇವಿನ ಉತ್ಪನ್ನಗಳು 300 ಪಿಪಿಎಂನಿಂದ 50,000 ಪಿಪಿಎಂವರೆಗೆ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ ಅಜಾಡಿರಾಕ್ಟಿನ್ ಎಂದರ್ಥ) ಹಲವು ಸಾಂದ್ರತೆಗಳಲ್ಲಿ ನೋಂದಣಿಯಾಗಿವೆ. ಲೇಬಲ್ ಮೇಲೆ ಹಸಿರು ಎಲೆಯ ಚಿತ್ರ ನೋಡಿ ಕೊಳ್ಳುವ ಮೊದಲು ಈ ಸಂಖ್ಯೆ ಎಲ್ಲಿದೆ ಎಂದು ಹುಡುಕಬೇಕು.

ಗಾಜಿನ ತಟ್ಟೆಯಿಂದ ಗಿಡದವರೆಗೆ

'ಶೇ. 90 ಕೀಟ ಸತ್ತವು' ಎಂಬ ವಾಕ್ಯ ಓದಿದಾಗ ಆ ಕೀಟಗಳು ಸತ್ತದ್ದು ಎಲ್ಲಿ ಎಂದು ಕೇಳುವ ಅಭ್ಯಾಸ ಮಾಡಿಕೊಂಡರೆ ಅರ್ಧ ಗೊಂದಲ ಕರಗುತ್ತದೆ. ಬಹುಪಾಲು ಪ್ರಯೋಗಗಳಲ್ಲಿ ದುಂಬಿಗಳನ್ನು ಕಾಯಿಯಿಂದ ಹೊರತೆಗೆದು, ಸಾರದಲ್ಲಿ ನೆನೆಸಿದ ಕಾಗದದ ಮೇಲೆ, ಮುಚ್ಚಿದ ಗಾಜಿನ ತಟ್ಟೆಯಲ್ಲಿ ಬಿಡುತ್ತಾರೆ. ಅಲ್ಲಿ ಬಿಸಿಲಿಲ್ಲ, ಮಳೆಯಿಲ್ಲ, ಅಡಗಲು ತೂತಿಲ್ಲ. ಯಾವ ಗಿಡದ ಸಾರದಲ್ಲಿ ಕಸುವಿದೆ ಎಂದು ಸೋಸಿ ನೋಡಲು ಅದು ಸರಿಯಾದ ಮೊದಲ ಹೆಜ್ಜೆ. ತೊಂದರೆ ಇರುವುದು ಹೆಚ್ಚಿನವು ಅಲ್ಲೇ ನಿಂತುಬಿಡುವುದರಲ್ಲಿ.

ಮರ್ರೆ ಇಸ್ಮನ್ ಮತ್ತು ಮೈಕೆಲ್ ಗ್ರೀನೈಸನ್ ಎಂಬ ಸಂಶೋಧಕರು ಸಸ್ಯಜನ್ಯ ಕೀಟನಾಶಕಗಳ ಕುರಿತ ಪ್ರಬಂಧಗಳನ್ನೇ ಪರೀಕ್ಷೆಗೆ ಒಡ್ಡಿ 2014ರಲ್ಲಿ ವರದಿ ಮಾಡಿದರು. ಆರಿಸಿ ನೋಡಿದ ಪ್ರಬಂಧಗಳಲ್ಲಿ ಸಾರದೊಳಗೆ ಯಾವ ರಾಸಾಯನಿಕವಿದೆ ಎಂದು ಹೇಳಿದ್ದು ಸುಮಾರು ಮೂರನೇ ಒಂದು ಭಾಗ ಮಾತ್ರ. ಈಗಾಗಲೇ ಬಳಕೆಯಲ್ಲಿರುವ ಒಂದು ಕೀಟನಾಶಕದ ಜೊತೆ ಹೋಲಿಸಿ ನೋಡಿದ್ದು ಸುಮಾರು ಕಾಲು ಭಾಗ. ಇದನ್ನು ಓದಿದಾಗ ನನಗೆ ಸಂಕಟವಾಗುತ್ತದೆ. ದುಡಿಮೆ, ದುಡ್ಡು, ಒಳ್ಳೆಯ ಮನಸ್ಸು ಎಲ್ಲವೂ ಹೋಗಿ ಕೊನೆಗೆ ತೋಟದವರ ಕೈಗೆ ಬಳಸಲಾಗುವ ಮಾಹಿತಿಯೇ ಬರುವುದಿಲ್ಲ. ಸಾರವನ್ನು ನೀರಿಗೆ ಬೆರೆಸಲು ಹಾಕಿದ ಸೋಪು ಕೂಡ ಹಿಟ್ಟು ತಿಗಣೆಯಂಥ ಮೆದು ಮೈಯ ಕೀಟಗಳನ್ನು ಕೊಲ್ಲಬಲ್ಲದು. ಬರೀ ಸೋಪಿನ ನೀರು ಹೊಡೆದ ಗಿಡಗಳನ್ನು ಪಕ್ಕದಲ್ಲಿ ಇಡದಿದ್ದರೆ ಕೊಂದದ್ದು ಬೇವೋ ಸೋಪೋ ಹೇಳುವುದು ಹೇಗೆ?

ಲವಂಗ, ಓಮ, ಸಿಟ್ರೊನೆಲ್ಲಾ ಹುಲ್ಲಿನ ಸುಗಂಧ ತೈಲಗಳ ಕಥೆ ಸ್ವಲ್ಪ ಭಿನ್ನ. ಅವು ಆವಿಯಾಗುವುದರಿಂದ ತೂತಿನೊಳಕ್ಕೆ ಇಳಿಯುವ ಸಾಧ್ಯತೆಯಾದರೂ ಇದೆ. ಅವುಗಳಲ್ಲಿ ಕೆಲವು ಕೀಟಗಳ ನರವ್ಯೂಹದಲ್ಲಿ ಸಂದೇಶ ಸಾಗಿಸುವ ಆಕ್ಟೊಪಮೀನ್ ವ್ಯವಸ್ಥೆಯನ್ನು ತಟ್ಟುತ್ತವೆ. ಮನುಷ್ಯ, ದನಕರುಗಳಲ್ಲಿ ಆ ವ್ಯವಸ್ಥೆಗೆ ಅಂಥ ಪಾತ್ರವಿಲ್ಲ. ಆದರೆ ಗುಣವೇ ಇಲ್ಲಿ ದೋಷವೂ ಹೌದು: ಆವಿಯಾಗುವುದು ಕೆಲವೇ ಗಂಟೆಗಳಲ್ಲಿ ತೋಟದಿಂದಲೂ ಆವಿಯಾಗಿ ಹೋಗುತ್ತದೆ. ಪರಿಣಾಮ ಉಳಿಯಲೆಂದು ಪ್ರಮಾಣ ಏರಿಸಿದರೆ ಚಿಗುರು ಸುಡುತ್ತದೆ. ಸೂಕ್ಷ್ಮ ಕೋಶಗಳಲ್ಲಿ ತುಂಬಿ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವ ಪ್ರಯತ್ನಗಳು ನಡೆಯುತ್ತಿವೆ. ಕಾಯಿಕೊರಕದ ವಿಷಯದಲ್ಲಿ ಹೊಸದೇನಾದರೂ ಬಂದರೆ ಅದು ಈ ದಾರಿಯಿಂದ ಬರಬಹುದು ಎಂದು ನನಗನ್ನಿಸುತ್ತದೆ. ಕೊಲ್ಲುವ ಬದಲು ದಾರಿ ತಪ್ಪಿಸುವ ವಾಸನೆ. ಕಾಯಿಯ ಪರಿಮಳ ಹಿಡಿದು ಬರುವ ಹೆಣ್ಣಿಗೆ ಕಾಯಿಯೇ ಸಿಗದಂತೆ ಮಾಡುವುದು.

ಯಾವ ಕೀಟ ಎಲ್ಲಿ ಸಿಗುತ್ತದೆ

ಕಾಯಿಕೊರಕಕ್ಕೂ ಒಂದು ದುರ್ಬಲ ಗಳಿಗೆಯಿದೆ. ಬೀಜ ಇನ್ನೂ ನೀರುನೀರಾಗಿ, ಅದರ ಒಣ ಪದಾರ್ಥ ಶೇ. 20 ಮುಟ್ಟದೆ ಇರುವಾಗ ಹೆಣ್ಣು ಬೀಜದೊಳಗೆ ಸಂಸಾರ ಹೂಡುವುದಿಲ್ಲ. ಹೊಕ್ಕುಳಿನ ಬಳಿ ಅರ್ಧ ಕೊರೆದ ಸುರಂಗದಲ್ಲೇ ಬೀಜ ಗಟ್ಟಿಯಾಗಲೆಂದು ಕಾಯುತ್ತದೆ. ಹೂ ಬಿಟ್ಟ ನಾಲ್ಕು ತಿಂಗಳ ಆಚೀಚೆ ಬರುವ ಈ ಕಾಯುವಿಕೆಯಲ್ಲಿ ಅದರ ಬೆನ್ನು ಇನ್ನೂ ಹೊರಗಿನ ಗಾಳಿಗೆ ಹತ್ತಿರ. ಬೇವಿನ ಎಣ್ಣೆಯಾಗಲಿ, ಕೀಟಗಳಿಗೆ ರೋಗ ತಂದು ಕೊಲ್ಲುವ ಬ್ಯುವೇರಿಯಾ ಬ್ಯಾಸಿಯಾನಾ ಎಂಬ ಶಿಲೀಂಧ್ರವಾಗಲಿ ಕೆಲಸ ಮಾಡುವುದಿದ್ದರೆ ಆ ವಾರಗಳಲ್ಲೇ. ಬೀಜದೊಳಗೆ ಇಳಿದ ಮೇಲೆ ಹೊಡೆದದ್ದು ಕಾಯಿಯ ಸಿಪ್ಪೆ ತೊಳೆದಂತೆ. ಬೇವು ಮತ್ತು ಬ್ಯುವೇರಿಯಾ ಎರಡನ್ನೂ ಬಳಸುವವರು ಒಟ್ಟಿಗೆ ಬೆರೆಸುವ ಮುನ್ನ ಯೋಚಿಸಬೇಕು; ಕೆಲವು ಬೇವಿನ ಉತ್ಪನ್ನಗಳು ಆ ಶಿಲೀಂಧ್ರದ ಬೆಳವಣಿಗೆಯನ್ನೇ ತಡೆಯುತ್ತವೆ.

ಬಿಳಿ ಕಾಂಡಕೊರಕ ಇನ್ನೂ ಕಠಿಣ. ಭಾರತ, ವಿಯೆಟ್ನಾಂ, ಥಾಯ್ಲೆಂಡ್, ಚೀನಾಗಳ ಅರೇಬಿಕಾ ತೋಟಗಳ ಶತ್ರು ಇದು. ಹೆಣ್ಣು ದುಂಬಿ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ತೊಗಟೆಯಡಿ ಸೇರಿ ಆಮೇಲೆ ಮರದ ತಿರುಳಿಗೇ ಇಳಿದು ತಿಂಗಳುಗಟ್ಟಲೆ ಅಲ್ಲೇ ಕೊರೆಯುತ್ತದೆ. ಆ ಹಂತದಲ್ಲಿ ಯಾವ ಕಷಾಯವೂ ಮುಟ್ಟದು. ಗುರುತಿಸಿ ಕಿತ್ತು ಸುಡುವುದೇ ಗತಿ. ಸಸ್ಯಸಾರಕ್ಕೆ ಇಲ್ಲಿ ಇರುವ ಅವಕಾಶ ಒಂದೇ: ದುಂಬಿಗಳು ಹಾರಾಡುವ ಕಾಲದಲ್ಲಿ, ಅಂದರೆ ಭಾರತದಲ್ಲಿ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ನಲ್ಲಿ, ಕಾಂಡಕ್ಕೆ ಬಳಿದು ಮೊಟ್ಟೆ ಇಡದಂತೆ ತಡೆಯುವುದು. ತೊಗಟೆಯ ಸಡಿಲ ಪದರ ಉಜ್ಜಿ ತೆಗೆಯುವುದು, ಶೇ. 10ರ ಸುಣ್ಣದ ತಿಳಿ ಬಳಿಯುವುದು ಇದೇ ಉದ್ದೇಶದ ಹಳೆಯ ಕ್ರಮಗಳು. ಸುಣ್ಣ ಬಳಿದ ಕಾಂಡದ ಮೇಲೇ ಬೇವು ಬಳಿಯುವುದು ವ್ಯರ್ಥವೆಂದು ಮತ್ತೆ ಹೇಳಬೇಕಿಲ್ಲ. ಬಿಸಿಲು ಬಡಿಯುವ ಕಾಂಡವೆಂದರೆ ಈ ದುಂಬಿಗೆ ಬಲು ಇಷ್ಟ. ನೆರಳಿನ ಮರವನ್ನು ಕಡಿದ ತೋಟದಲ್ಲಿ ನಾವು ಡ್ರಮ್ಮುಗಟ್ಟಲೆ ಕಷಾಯ ಹೊಡೆಯಬಹುದು, ಕಡಿದ ಮರ ಮಾಡುತ್ತಿದ್ದ ಕೆಲಸವನ್ನು ಅದು ಮಾಡುವುದಿಲ್ಲ.

ಹಿಟ್ಟು ತಿಗಣೆ, ಹಸಿರು ಶಲ್ಕ ಕೀಟಗಳ ವಿಚಾರಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಅವು ಚಿಗುರು, ಗೆಣ್ಣು, ಕಾಯಿಗೊಂಚಲಿನ ಮೇಲೆ ಬಯಲಲ್ಲೇ ಕೂತು ರಸ ಹೀರುತ್ತವೆ. ಮೊಟ್ಟೆಯೊಡೆದು ಹೊರಬಂದ ಮರಿಗಳಿಗೆ ಇನ್ನೂ ಮೇಣದ ಹೊದಿಕೆ ಬಂದಿರುವುದಿಲ್ಲ, ಪೊರೆ ಕಳಚುವುದು ಬಾಕಿ ಇರುತ್ತದೆ. ಬೇವು ಮಾಡಬಲ್ಲದ್ದಕ್ಕೂ ಈ ಹುಳುವಿನ ಸ್ಥಿತಿಗೂ ಸರಿಯಾಗಿ ತಾಳೆಯಾಗುತ್ತದೆ. ಆದರೆ ಅವು ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಕಾವಲು ನಿಂತು, ಶತ್ರುಗಳನ್ನು ಓಡಿಸುತ್ತವೆ. ಇರುವೆಯ ದಾರಿ ಕಡಿಯದೆ ಬರೀ ಸಿಂಪಡಿಸಿದರೆ ಕೆಲವೇ ದಿನಗಳಲ್ಲಿ ಮೊದಲಿನಂತೆಯೇ. ಇನ್ನೊಂದು ಎಚ್ಚರ: ಹಿಟ್ಟು ತಿಗಣೆಯನ್ನು ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ದುಂಬಿಯ ಮರಿ ನೋಡಲು ಹಿಟ್ಟು ತಿಗಣೆಯಂತೆಯೇ ಬಿಳಿ ನೂಲು ಹೊದ್ದಿರುತ್ತದೆ. ಅದನ್ನೇ ಕೀಟವೆಂದು ಬಗೆದು ಹೊಡೆಯುವವರು ಬಹಳ.

ಸಸ್ಯಜನ್ಯ ಕೀಟನಾಶಕ ಕಾಫಿಯಲ್ಲಿ ನಿಜವಾಗಿ ನೆಲೆ ಕಂಡುಕೊಂಡ ಉದಾಹರಣೆ ಬೇಕೆಂದರೆ ಪೂರ್ವ ಆಫ್ರಿಕಾದತ್ತ ನೋಡಬೇಕು. ಅಲ್ಲಿನ ಆಂಟೆಸ್ಟಿಯಾ ತಿಗಣೆ ಕಾಯಿ ಚುಚ್ಚಿ ರಸ ಹೀರುತ್ತದೆ. ರುವಾಂಡಾ, ಬುರುಂಡಿಗಳ ಕಾಫಿಯಲ್ಲಿ ಹಸಿ ಆಲೂಗಡ್ಡೆಯ ವಾಸನೆ ಬರುವ ದೋಷಕ್ಕೂ ಈ ತಿಗಣೆಗೂ ನಂಟಿದೆ. ಅಲ್ಲಿ ಪೈರೆತ್ರಮ್ ಬೆಳೆಯುತ್ತಾರೆ, ಅದನ್ನೇ ತಿಗಣೆಯ ಮೇಲೆ ಬಳಸುತ್ತಾರೆ. ತಿಗಣೆ ಬಯಲಲ್ಲಿದೆ, ಪೈರೆತ್ರಮ್ ತಟ್ಟನೆ ಬೀಳಿಸುತ್ತದೆ, ಬಿಸಿಲಿಗೆ ಬೇಗ ಕರಗಿ ಉಳಿಕೆ ಬಿಡುವುದಿಲ್ಲ. ಗಿಡದಡಿ ಬಟ್ಟೆ ಹಾಸಿ ಪೈರೆತ್ರಮ್ ಹೊಡೆದು, ಬಿದ್ದ ತಿಗಣೆ ಎಣಿಸಿ, ಹಾವಳಿ ಎಷ್ಟಿದೆ ಎಂದು ಅಳೆಯುವ ಪದ್ಧತಿಯೂ ಇದೆ. ಇಲ್ಲಿ ಮದ್ದು ಗೆದ್ದಿರುವುದು ಹುಳು ಕೈಗೆ ಸಿಗುವ ಜಾಗದಲ್ಲಿ ಇರುವುದರಿಂದ.

ಕಾಫಿಯ ಸ್ವಂತ ವಿಷ

ಕಾಫಿ ಗಿಡವೇ ಒಂದು ಕೀಟನಾಶಕ ತಯಾರಿಸುತ್ತದೆ, ಅದನ್ನು ನಾವು ದಿನಾ ಕುಡಿಯುತ್ತೇವೆ. ಕೆಫೀನ್ ಕೀಟಗಳ ಮೇಲೆ ವಿಷವಾಗಿ ಕೆಲಸ ಮಾಡುತ್ತದೆ ಎಂದು ಸಂಶೋಧಕ ಜೇಮ್ಸ್ ನೇಥನ್‌ಸನ್ 1984ರಲ್ಲಿ ತೋರಿಸಿದರು. 2002ರಲ್ಲಿ ಹವಾಯಿಯ ಸಂಶೋಧಕರು ಕೆಫೀನ್ ದ್ರಾವಣ ಗೊಂಡೆಹುಳು, ಬಸವನಹುಳುಗಳನ್ನು ಓಡಿಸುತ್ತದೆ, ಕೊಲ್ಲುತ್ತದೆ ಎಂದು ವರದಿ ಮಾಡಿದರು. ಅಂಥ ಬೀಜದೊಳಗೆ ಕಾಯಿಕೊರಕ ಮನೆ ಕಟ್ಟುವುದು ಹೇಗೆ? ಅದರ ಕರುಳಿನಲ್ಲಿರುವ ಸ್ಯೂಡೊಮೊನಾಸ್ ಫುಲ್ವಾದಂಥ ಬ್ಯಾಕ್ಟೀರಿಯಾಗಳು ಕೆಫೀನನ್ನು ಒಡೆದುಹಾಕುತ್ತವೆ ಎಂದು 2015ರಲ್ಲಿ ಗೊತ್ತಾಯಿತು. ಪ್ರತಿಜೀವಕ ಕೊಟ್ಟು ಆ ಬ್ಯಾಕ್ಟೀರಿಯಾಗಳನ್ನು ಅಳಿಸಿದಾಗ ದುಂಬಿಗಳ ಸಂತಾನವೇ ಕುಸಿಯಿತು. ತೋಟಕ್ಕೆ ಪ್ರತಿಜೀವಕ ಸಿಂಪಡಿಸುವ ಮಾತನ್ನು ಯಾರೂ ಆಡಬಾರದು. ಆದರೆ ಸಸ್ಯಸಾರಗಳನ್ನು ಪರೀಕ್ಷಿಸುವವರು ಹುಳು ಸತ್ತಿತೇ ಎಂದಷ್ಟೇ ನೋಡದೆ ಅದರ ಹೊಟ್ಟೆಯ ಈ ಜೊತೆಗಾರರಿಗೆ ಏನಾಯಿತು ಎಂದೂ ನೋಡಬೇಕು ಎನ್ನುವುದು ನನ್ನ ಬಯಕೆ.

ಸುರಕ್ಷತೆಯ ವಿಚಾರ ಹೇಳದೆ ಇದು ಮುಗಿಯದು. ತಂಬಾಕಿನ ಕಷಾಯ ಕುದಿಸಿ ಹೊಡೆಯುವ ಸಲಹೆ ಈಗಲೂ ಓಡಾಡುತ್ತದೆ. ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುವ ತೀವ್ರ ವಿಷ. ಬರಿಗೈಲಿ ಅದನ್ನು ಕಲಕುವ ಕೂಲಿಯಾಳಿನ ಅಪಾಯ ಸಣ್ಣದಲ್ಲ. ಡೆರಿಸ್ ಬೇರಿನ ರೊಟೆನೋನ್ ದೀರ್ಘಕಾಲ ಸಾವಯವ ತೋಟಗಳ ನೆಚ್ಚಿನ ಮದ್ದಾಗಿತ್ತು. ಇಲಿಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳನ್ನು ಅದು ಹುಟ್ಟಿಸುತ್ತದೆ ಎಂದು 2000ದಲ್ಲಿ ತಿಳಿಯಿತು. ಮೀನಿಗಂತೂ ಅದು ಮಾರಕ. ಪೈರೆತ್ರಮ್ ಜೇನುನೊಣವನ್ನೂ ಬೀಳಿಸುತ್ತದೆ, ಹಾಗಾಗಿ ಹೂವಿನ ದಿನಗಳಲ್ಲಿ ಅದು ತೋಟಕ್ಕೆ ಬರಬಾರದು; ಪರಾಗಕ್ಕೆ ಬೇರೆ ಗಿಡವನ್ನೇ ಕಾಯುವ ರೋಬಸ್ಟಾದಲ್ಲಂತೂ ಖಂಡಿತ ಬೇಡ. 'ಜೈವಿಕ' ಎಂಬ ಹೆಸರಿನ ಬಾಟಲಿಯಲ್ಲಿ ಹೇಳದೆ ಕೇಳದೆ ಕೃತಕ ಕೀಟನಾಶಕ ಬೆರೆಸಿ ಮಾರುವ ಪ್ರಕರಣಗಳೂ ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿವೆ. ಒಂದೇ ರಾತ್ರಿಯಲ್ಲಿ ಎಲ್ಲ ಹುಳು ಉದುರಿಸುವ 'ಬೇವಿನ ಔಷಧಿ' ಕಂಡರೆ ಸಂತೋಷಕ್ಕಿಂತ ಮೊದಲು ಅನುಮಾನ ಬರಬೇಕು. ಬೇವಿಗೆ ಆ ವೇಗ ಇಲ್ಲ.

ಮದ್ದು ಯಾವುದೇ ಇರಲಿ, ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದ ಕಾಯಿ, ನೆಲಕ್ಕೆ ಉದುರಿದ ಕಾಯಿ ಆರಿಸಿ ತೆಗೆಯುವುದೇ ಕಾಯಿಕೊರಕಕ್ಕೆ ದೊಡ್ಡ ಪೆಟ್ಟು. ಮುಂದಿನ ಬೆಳೆಯವರೆಗೆ ಅದು ಬದುಕುಳಿಯುವುದು ಆ ಕಾಯಿಗಳಲ್ಲೇ. ಅದಾದ ಮೇಲೂ ಬೇವಿನ ಎಣ್ಣೆಯನ್ನೋ ಇನ್ನೊಂದು ಸಾರವನ್ನೋ ಪರೀಕ್ಷಿಸಿ ನೋಡುವ ಮನಸ್ಸಿದ್ದರೆ ಇಡೀ ತೋಟಕ್ಕೆ ಹೊಡೆಯಬೇಡಿ. ಕೆಲವು ಸಾಲಿಗೆ ಮದ್ದು, ಕೆಲವು ಸಾಲಿಗೆ ಬರೀ ಸೋಪಿನ ನೀರು, ಕೆಲವನ್ನು ಹಾಗೇ ಬಿಡಿ. ಹೊಡೆಯುವ ಮುಂಚೆ ಪ್ರತಿ ಭಾಗದಿಂದ ತೂತಿರುವ ನೂರು ಕಾಯಿ ಕಿತ್ತು, ಬ್ಲೇಡಿನಿಂದ ಸೀಳಿ, ದುಂಬಿ ಹೊಕ್ಕುಳಿನ ಸುರಂಗದಲ್ಲೇ ಇದೆಯೋ ಬೀಜದೊಳಗೆ ಇಳಿದಿದೆಯೋ ಬರೆದುಕೊಳ್ಳಿ. ಹೆಚ್ಚಿನವು ಆಗಲೇ ಒಳಗಿದ್ದರೆ ಆ ವರ್ಷ ಪಂಪು ಕೆಳಗಿಡಿ. ಇನ್ನೂ ಸುರಂಗದಲ್ಲೇ ಇದ್ದರೆ ಸಂಜೆಗೆ ಹೊಡೆದು, ಎರಡು ವಾರ ಬಿಟ್ಟು ಮತ್ತೆ ನೂರು ಕಾಯಿ ಸೀಳಿ ನೋಡಿ. ಆಗ ಎಣಿಸಬೇಕಾದ್ದು ಸತ್ತ ದುಂಬಿಗಳನ್ನಲ್ಲ, ತಿನ್ನದೆ ಉಳಿದ ಬೀಜಗಳನ್ನು.